ಓಬವ್ವ ಮೆಷಿನ್ ನಿಲ್ಲಿಸಿದ್ದಳು

ನನ್ನ ಹೆಸರು ಸಹನಾ. ಹೆಸರಿನಲ್ಲಿರುವಷ್ಟು ಸಹನೆ ನನ್ನಲ್ಲಿಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಮನೆ ಮಹಡಿಯಲ್ಲಿ ಹದಿನಾಲ್ಕು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಫ್ರೆಂಚ್ ಹೇಳಿಕೊಡುತ್ತಿದ್ದೇನೆ. ಮಕ್ಕಳು ಬರುವುದು ಅಂಕಕ್ಕೆ. ಪರೀಕ್ಷೆ ಮುಗಿದ ಮಾರನೆಯ ದಿನ ಎಲ್ಲ ಮರೆತು ಹಾಯಾಗಿರುತ್ತಾರೆ. ಹೋದ ವರ್ಷ ಅವರ ನಡುವೆ ನಲವತ್ತೆರಡರ ಓಬವ್ವ ಬಂದು ಕೂತಾಗ, ಮಗನನ್ನು ಕರೆದೊಯ್ಯಲು ಬಂದ ತಾಯಿ ಎಂದುಕೊಂಡೆ.

"ಕರ್ಕೊಂಡು ಹೋಗಾಕೆ ಅಲ್ರಿ, ಕಲಿಯಾಕೆ ಬಂದೀನಿ" ಅಂದಳು. ಹಿಂದಿನ ಬೆಂಚಿನವರು ಕಿಸಕ್ಕೆಂದರು. ಅವಳು ತಿರುಗಿಯೂ ನೋಡಲಿಲ್ಲ.

ಲೋಕಿಕೆರೆಯಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿ ಪಾಸಾಗಿ, ಹರಿಹರಕ್ಕೆ ಸೊಸೆಯಾಗಿ ಬಂದವಳು. ಊರ ಹೊರಗೆ ಮಂಡಕ್ಕಿಗೆ ಪ್ಲಾಸ್ಟಿಕ್ ಪ್ಯಾಕೆಟ್ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ. ಪ್ಯಾಕೆಟ್ ಕತ್ತರಿಸುವ ಮೆಷಿನ್ ಫ್ರಾನ್ಸಿನಿಂದ ಬಂದದ್ದು. ಅದರ ಪರದೆಯ ಮೇಲೆ ಬರುವುದೆಲ್ಲ ಫ್ರೆಂಚ್. ಉಳಿದವರು ಬಣ್ಣ ನೋಡಿ ಗುಂಡಿ ಒತ್ತುತ್ತಿದ್ದರು. ಇವಳೊಬ್ಬಳು ಆ ಪದಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಯಾವುದು ಬಂದಾಗ ಏನಾಯಿತು ಎಂದು ಎದುರಿಗೆ ಗುರುತು ಹಾಕಿಕೊಂಡಳು. ಮೂರು ವರ್ಷದಲ್ಲಿ ಪ್ಯಾಕಿಂಗ್ ಮೇಜಿನಿಂದ ಆಪರೇಟರ್ ಕುರ್ಚಿಗೆ ಏರಿದ್ದು ಹಾಗೆ. "ಅದು ಏನ್ ಅಂತೈತೋ ತಿಳೀದೆ ಹೆಂಗೆ ಅದರ ಮುಂದೆ ಕೂಡ್ಲಿ ಮೇಡಂ?" ಎಂದು ನನ್ನನ್ನೇ ಕೇಳಿದಳು.

ಒಂದು ಕೆಲಸಕ್ಕಿಂತ ಮೊದಲೇ ಇನ್ನೊಂದು ಮುಗಿದಿತ್ತು ಎಂದು ಹೇಳುವ ಕಾಲ ಫ್ರೆಂಚಿನಲ್ಲಿದೆ. ಅಲ್ಲಿಗೆ ಬಂದಾಗ ಪಿಯುಸಿಯವರು ತಲೆ ಮೇಲೆ ಕೈ ಹೊತ್ತರು. ಓಬವ್ವ ಮಾತ್ರ, "ಬಂದಿದ್ದೆ, ಹೋಗಿದ್ದೆ. ದಿನಾ ಆಡೋ ಮಾತೇ ಅಲ್ಲೇನ್ರಿ?" ಅಂದಳು. ನಿಜವೇ. ಬರುವ, ಹೋಗುವ ಮಾತಿಗೆ ಫ್ರೆಂಚರೂ 'ಇದ್ದೆ' ಎಂಬರ್ಥದ 'ಝೇತೆ' ಸೇರಿಸುತ್ತಾರೆ. ಕನ್ನಡದಲ್ಲಿ ಎಲ್ಲದರ ಬಾಲಕ್ಕೂ 'ಇದ್ದೆ' ಇರುವುದರಿಂದ ಅವಳು ಎಲ್ಲದಕ್ಕೂ 'ಝೇತೆ' ಅಂಟಿಸಿಕೊಂಡು ಕೂತಳು. ನಾನು ಗಮನಿಸಲಿಲ್ಲ. ಅದು ನನ್ನ ಸೋಮಾರಿತನ, ಬೇರೆ ಹೆಸರು ಕೊಡುವುದಿಲ್ಲ.

ಫೆಬ್ರವರಿಯಲ್ಲಿ ಮೆಷಿನ್ನಿನ ದೊಡ್ಡ ರೋಲರ್ ಒಡೆಯಿತು. ಕೆಂಪು ದೀಪ ಹೊತ್ತಿದ ಮೇಲೂ ಓಬವ್ವ ಓಡಿಸಿದ್ದರಿಂದ ಹೀಗಾಯಿತು ಎಂದು ಸೂಪರ್‌ವೈಸರ್ ಕಾಂತರಾಜ್ ಬರೆದುಕೊಟ್ಟ. ಓಬವ್ವ ಹೇಳುವುದೇ ಬೇರೆ. ಕರಕರ ಸದ್ದು ಕೇಳಿದ ಕೂಡಲೇ ಅವಳು ಮೆಷಿನ್ ನಿಲ್ಲಿಸಿದ್ದಳು, ದೀಪ ಹೊತ್ತಿದ್ದು ಆಮೇಲೆ, ಆಗ ಫಿಟ್ಟರ್‌ನನ್ನು ಕರೆಯಲು ಹೋಗಿದ್ದಳು. ವಾಪಸ್ ಬರುವಷ್ಟರಲ್ಲಿ ಯಾರೋ ಅದನ್ನು ಓಡಿಸಿದ್ದರು, ರೋಲರ್ ಸೀಳಿಹೋಗಿತ್ತು. ಗುರುವಾರ ಫ್ರಾನ್ಸಿನ ಎಂಜಿನಿಯರ್ ವಿಡಿಯೋ ಕರೆಯಲ್ಲಿ ವಿಚಾರಿಸುವವರಿದ್ದರು. ಅವರು ಕಾಂತರಾಜನ ಮಾತು ಒಪ್ಪಿದರೆ ಆಪರೇಟರ್ ಕುರ್ಚಿ ಹೋಗಿ ಮತ್ತೆ ಪ್ಯಾಕಿಂಗ್ ಮೇಜೇ ಗತಿ.

"ಕಾಂತರಾಜ್ ಸರ್ ಇಂಗ್ಲಿಷಿನಾಗೆ ಏನ್ ಹೇಳ್ತಾರೋ ನಂಗೇನು ಗೊತ್ತು? ನನ್ನ ಮಾತು ನಾನೇ ಹೇಳ್ತೀನಿ" ಎಂದು ಸೋಮವಾರ ಬಂದು ಕೂತಳು. ದೀಪ ಹೊತ್ತುವುದಕ್ಕಿಂತ ಮೊದಲೇ ಮೆಷಿನ್ ನಿಲ್ಲಿಸಿದ್ದೆ ಎಂಬುದನ್ನು ಫ್ರೆಂಚಿನಲ್ಲಿ ಒಪ್ಪಿಸಿದಳು. "ಝೇತೆ ಅರೆತೆ..."

'ಅರೆತೆ' ಎಂದರೆ ನಿಲ್ಲಿಸುವುದೂ ಹೌದು, ಹಿಡಿದು ಬಂಧಿಸುವುದೂ ಹೌದು. ನನಗೆ ನಗು ತಡೆಯಲಾಗಲಿಲ್ಲ. "ನನ್ನನ್ನ ಪೊಲೀಸ್ರು ಹಿಡಿದಿದ್ರು ಅಂದಂಗಾತು ಕಣವ್ವ!"

ಓಬವ್ವ ನಗಲಿಲ್ಲ. "ನಗಬ್ಯಾಡ್ರಿ. ಕಲಿಸಿದ್ದು ಯಾರು?"

ನನಗೆ ನಾಚಿಕೆಯಾಯಿತು. ಬೋರ್ಡಿನ ಮುಂದೆ ನಿಂತು ಮೊದಲಿನಿಂದ ಹೇಳಿದೆ. ಬರುವ, ಹೋಗುವಂಥ ಕೆಲವಕ್ಕೆ ಮಾತ್ರ 'ಝೇತೆ'. ನಿಲ್ಲಿಸುವುದು, ತಿನ್ನುವುದು, ನೋಡುವುದು, ಇವಕ್ಕೆಲ್ಲ 'ಝಾವೆ', ಅಂದರೆ 'ನನ್ನ ಹತ್ತಿರ ಇತ್ತು'.

ಅವಳು ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. "ಅಂದ್ರೆ ನಿಲ್ಸಿದ್ದು ನನ್ನ ಕೈಯಾಗಿತ್ತು. ಹಂಗೇ ಅಲ್ಲೇನ್ರಿ?"

ಹದಿನಾಲ್ಕು ವರ್ಷದಲ್ಲಿ ಇಷ್ಟು ಸಲೀಸಾಗಿ ಹೇಳಲು ನನಗೇ ಬಂದಿರಲಿಲ್ಲ. ಮೂರು ದಿನ ಹರಿಹರದ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ 'ನಾನು, ನೀನು, ಅವಳು, ನಾವು' ಎಂದು ಆ ಕ್ರಿಯಾಪದವನ್ನು ಒಂದೇ ಸಮನೆ ತಿರುವಿ ಹಾಕಿದಳಂತೆ. ಪಕ್ಕದ ಹೆಂಗಸು, "ಯಾವ ದೇವ್ರ ಮಂತ್ರ ತಾಯಿ?" ಎಂದು ಕೇಳಿದಳಂತೆ.

ಗುರುವಾರ ನಾನೂ ಹೋದೆ. ಕರೆದಿರಲಿಲ್ಲ, ಆದರೂ ಹೋದೆ. ಆಫೀಸಿನ ಗೋಡೆಯ ಪರದೆಯಲ್ಲಿ ನರೆಗೂದಲಿನ ಎಂಜಿನಿಯರ್. ಕಾಂತರಾಜ್ ಇಂಗ್ಲಿಷಿನಲ್ಲಿ ತನ್ನ ವರದಿ ಓದಿದ. ಮುಗಿಯುವುದನ್ನೇ ಕಾದಿದ್ದ ಓಬವ್ವ ಎದ್ದು ನಿಂತಳು. ದೀಪ ಹೊತ್ತಿದ್ದನ್ನು ಹೇಳಿ, ಒಂದು ಉಸಿರು ತೆಗೆದುಕೊಂಡು, ತಡವರಿಸದೆ ಮುಂದುವರಿಸಿದಳು.

"ಝಾವೆ ದೇಝಾ ಅರೆತೆ ಲಾ ಮಶೀನ್."

ಆಗಲೇ ನಿಲ್ಲಿಸಿದ್ದೆ. ನನ್ನ ಎದೆ ಉಬ್ಬಿತು. ಎಂಜಿನಿಯರ್ ಕನ್ನಡಕ ಏರಿಸಿ, "ದೇಝಾ?" ಎಂದು ಕೇಳಿದರು.

"ದೇಝಾ" ಅಂದಳು ಓಬವ್ವ.

ಅವರು ತಮ್ಮ ಕಂಪ್ಯೂಟರಿನಲ್ಲಿ ಮೆಷಿನ್ನಿನ ದಾಖಲೆ ತೆರೆದು, ಬೆರಳಿಟ್ಟು ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿದರು. ಹನ್ನೊಂದು ನಲವತ್ತಕ್ಕೆ ಕೈಯಿಂದ ನಿಲ್ಲಿಸಲಾಗಿದೆ. ನಲವತ್ತೆರಡಕ್ಕೆ ಕೆಂಪು ದೀಪ. ಐವತ್ತಕ್ಕೆ ಸೂಪರ್‌ವೈಸರ್ ಕೀ ಹಾಕಿ ಮತ್ತೆ ಚಾಲೂ. ಆಮೇಲೆ ತಲೆಯೆತ್ತಿ ಓಬವ್ವನಿಗೆ ಫ್ರೆಂಚಿನಲ್ಲಿ ಒಂದು ಪ್ರಶ್ನೆ ಕೇಳಿದರು.

ಕಾರ್ಖಾನೆಯವರಲ್ಲಿ ಅದು ಅರ್ಥವಾದದ್ದು ಒಬ್ಬಳಿಗೇ. ಎಲ್ಲರೂ ಅವಳ ಮುಖ ನೋಡಿದರು. ನಾನು ಬಾಯಿ ಬಿಡಲಿಲ್ಲ. ಅವಳ ಮಾತನ್ನು ಅವಳೇ ಆಡಬೇಕಿತ್ತು.

"ಏನಂತಾರೆ?" ಎಂದ ಕಾಂತರಾಜ್. ದನಿ ಸಣ್ಣದಾಗಿತ್ತು.

ಓಬವ್ವ ಅವನ ಕಡೆ ಪೂರ್ತಿ ತಿರುಗಿದಳು.

"ಮತ್ತೆ ಚಾಲೂ ಮಾಡಿದ್ದವ್ರು ಯಾರು ಅಂತ ಕೇಳ್ತಾರೆ ಸರ್. ಕನ್ನಡದಾಗೆ ನೀವು ಹೇಳ್ರಿ, ಫ್ರೆಂಚಿನಾಗೆ ನಾನು ಹೇಳ್ತೀನಿ."