ಎರಡು ಒಂದಾಗುವ ಗಳಿಗೆ ಬಲ್ಲ ಹುಳದಕ್ಕ

ಬೆಳಗಿನ ಐದು ಗಂಟೆ. ಪ್ರಯೋಗಾಲಯದ ಹಿಂಬದಿಯ ಬೆಚ್ಚನೆಯ ಕೋಣೆಯಲ್ಲಿ ಹುಳದಕ್ಕ ಮರಳು ಹಾಸಿದ ಡಬ್ಬಿಗಳ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದಾರೆ. ನಿನ್ನೆಯವರೆಗೆ ಕರಕರ ಎಲೆ ಮೇಯುತ್ತಿದ್ದ ಪತಂಗದ ಹುಳುಗಳು ಈಗ ಊಟ ಬಿಟ್ಟಿವೆ. ಅತ್ತಿಂದಿತ್ತ ಓಡಾಡಿ ಒಂದೊಂದಾಗಿ ಮರಳೊಳಗೆ ಇಳಿಯುತ್ತಿವೆ. ಒಂದು ಇಳಿದ ಕೂಡಲೇ ಅಕ್ಕ ಡಬ್ಬಿಯ ಮೇಲೆ ಗಂಟೆ, ನಿಮಿಷ ಬರೆಯುತ್ತಾರೆ.

ಕೈ ಇಲ್ಲಿದೆ, ಜೀವ ಮನೆಯಲ್ಲಿದೆ. ಎರಡು ತಿಂಗಳ ಮೇಲೆ ಗಂಡ ನಿನ್ನೆ ಸಂಜೆ ಬಂದಿದ್ದಾರೆ. ಇವತ್ತು ಬೆಳಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಅವರು ಮರಳುವ ಬಸ್ಸು. ಅದು ಬಿಟ್ಟರೆ ಸಂಜೆಗೇ ಇನ್ನೊಂದು.

ಅಪ್ಪ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿದೆ. ಇಪ್ಪತ್ತೊಂದು ವರ್ಷದ ಹಿಂದೆ ಗಾಜಿನ ಸಾಮಾನು ತೊಳೆಯಲು ಸೇರಿದವರು ಇವರು. ಒಂದು ದಿನ ಸಂಶೋಧಕಿಯೊಬ್ಬರ ಚಿಮುಟ ಜಾರಿ ಹುಳದ ಒಳಗಿನದ್ದೆಲ್ಲ ಚಿಂದಿಯಾಯಿತು. ಪಕ್ಕದಲ್ಲಿದ್ದ ಅಕ್ಕ ಚಿಮುಟ ತೆಗೆದುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟೇ ಸಲೀಸಾಗಿ ಇನ್ನೊಂದು ಹುಳದಿಂದ ಬೇಕಾದ್ದನ್ನು ಎತ್ತಿ ತಟ್ಟೆಯಲ್ಲಿಟ್ಟರು. ಅಂದಿನಿಂದ ಚಿಮುಟ ಅವರ ಕೈಯಲ್ಲೇ ಇದೆ.

ಬೇಕಾದ್ದೆಂದರೆ ಗಂಡು ಹುಳದ ವೃಷಣಗಳು. ಎಳೆಯ ಹುಳದಲ್ಲಿ ಅವು ಎರಡು, ಬೆನ್ನಿನ ಚರ್ಮದಡಿ ಹಳದಿ ಚುಕ್ಕೆಗಳಂತೆ ಕಾಣುತ್ತವೆ. ಹುಳು ಮರಳಿಗಿಳಿದು, ಪತಂಗವಾಗುವ ಮುನ್ನ ಕೋಶವಾಗುವ ಹೊತ್ತಿಗೆ ಹತ್ತಿರ ಸರಿಯುತ್ತವೆ. ನಡುವಿನ ಪೊರೆ ತೆಳುವಾಗುತ್ತದೆ. ಆಮೇಲೆ ಅವು ಒಂದೇ. ಆ ಗಳಿಗೆಯಲ್ಲಿ ಯಾವ ಜೀನು ಎಚ್ಚರವಾಗುತ್ತದೆ, ಯಾವುದು ಸುಮ್ಮನಾಗುತ್ತದೆ ಎಂಬುದೇ ಇಲ್ಲಿನ ಹುಡುಕಾಟ. ಸೂಜಿ ಚುಚ್ಚಿ ಒಂದು ಜೀನನ್ನು ಸುಮ್ಮನಾಗಿಸಿದಾಗ ಎರಡೂ ಕೊನೆಯವರೆಗೂ ಬೇರೆಬೇರೆಯಾಗಿಯೇ ಉಳಿದವಂತೆ. ಅಂಥ ಗಂಡಿಗೆ ಮರಿಗಳೂ ಕಡಿಮೆ.

ಅಕ್ಕ ದಿನಕ್ಕೆ ನಾನೂರು ಡಬ್ಬಿ ನೋಡುತ್ತಾರೆ, ನಲವತ್ತು ಹುಳು ಸೀಳಿ ಬಿಡಿಸುತ್ತಾರೆ. "ಯಂತ್ರ ಜೀನು ಓದತ್ತೆ, ಸರಿ. ಯಾವ ಗಂಟೆಯ ಹುಳ ಅಂತ ಅದಕ್ಕೆ ಹೇಳೋರು ಯಾರು? ನಾನೇ ತಾನೇ?" ಎಂದು ನಗುತ್ತಾರೆ.

ಗಂಡ ಒಂದು ದಿನದ ದಾರಿಯಾಚೆ ಅಣೆಕಟ್ಟಿನ ಗೇಟು ಕಾಯುತ್ತಾರೆ. ನೀರು ಏರಿದರೆ ಅವರಿಗೆ ಬಿಡುವಿಲ್ಲ, ಹುಳು ಮರಳಿಗಿಳಿದರೆ ಇವರಿಗಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷ, ಒಂದೇ ಸೂರಿನಡಿ ಇದ್ದ ದಿನಗಳನ್ನು ಕೂಡಿಸಿದರೆ ಮೂರು ವರ್ಷವೂ ತುಂಬುವುದಿಲ್ಲ. "ಸಾಲಾಗಿ ಒಂದು ವಾರ ಇಬ್ಬರಿಗೂ ಬಿಡುವು ಸಿಕ್ರೆ ಸಾಕು. ಎಲ್ಲಿಗೂ ಹೋಗೋದು ಬೇಡ. ಮನೇಲೇ ಇರ್ತೀವಿ" ಎನ್ನುವಾಗ ಅವರು ಮುಖ ಆಚೆ ತಿರುಗಿಸುತ್ತಾರೆ.

ಹೋದ ಸಲ ಗಂಡ ಬಂದಾಗ ಅಕ್ಕ ಒಂದೇ ಒಂದು ಬೆಳಗ್ಗೆ ಮನೆಯಲ್ಲಿ ಉಳಿದರು. ಸಂಶೋಧನಾ ವಿದ್ಯಾರ್ಥಿನಿ ಗಂಟೆಗಳನ್ನು ಅಂದಾಜಿನಲ್ಲಿ ಬರೆದಳು. ಜೀನಿನ ಓದು ಅಡಿಮೇಲಾಗಿ ಎರಡು ತಿಂಗಳ ದುಡಿಮೆ ನೀರುಪಾಲಾಯಿತು. ಯಾರೂ ಅಕ್ಕನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ಕೊರೆಯುತ್ತಿರಲಿಲ್ಲವೇನೋ. ಅದಕ್ಕೇ ಇವತ್ತು ಮಲಗಿದ್ದ ಗಂಡನಿಗೆ ಹೊದಿಕೆ ಸರಿಮಾಡಿ, ಎಬ್ಬಿಸದೆ ಬಂದಿದ್ದಾರೆ.

ಎಂಟು ಗಂಟೆಯಾದರೂ ಅರ್ಧದಷ್ಟು ಹುಳುಗಳು ಇನ್ನೂ ಮೇಲೆಯೇ ಸುತ್ತುತ್ತಿವೆ. ಇನ್ನು ಮನೆಗೆ ಹೋಗಿ ಮುಖ ನೋಡಿ ಕಳಿಸುವ ಮಾತಿಲ್ಲ. ಅಕ್ಕ ಫೋನ್ ಮಾಡಿ, ತಿಂಡಿ ಮುಚ್ಚಿಟ್ಟಿದ್ದೇನೆ, ಬೀಗದ ಕೈ ಪಕ್ಕದ ಮನೆಯಲ್ಲಿ ಕೊಡಿ ಎಂದಷ್ಟೇ ಹೇಳುತ್ತಾರೆ.

ಒಂಬತ್ತೂವರೆಗೆ ಬಾಗಿಲಲ್ಲಿ ಚೀಲ ಹೆಗಲಿಗೇರಿಸಿಕೊಂಡ ಗಂಡ. ಹತ್ತೊಂಬತ್ತು ವರ್ಷದಲ್ಲಿ ಈ ಹೊಸ್ತಿಲು ತುಳಿದದ್ದು ಇದೇ ಮೊದಲು. ಬೈಯಲು ಬಂದರೋ ನೋಡಲು ಬಂದರೋ ತಿಳಿಯದೆ ಅಕ್ಕ ತಬ್ಬಿಬ್ಬಾಗುತ್ತಾರೆ. ಕೊನೆಗೆ ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಮೂರು ತಟ್ಟೆಗಳನ್ನು ಒಂದೊಂದಾಗಿ ಇಡುತ್ತಾರೆ. ಮೊದಲನೆಯದರಲ್ಲಿ ಎರಡು, ದೂರದೂರ. ಎರಡನೆಯದರಲ್ಲಿ ಒಂದಕ್ಕೊಂದು ಆತುಕೊಂಡಿವೆ. ಮೂರನೆಯದರಲ್ಲಿ ಒಂದು.

ಗಂಡ ಮತ್ತೆ ಎರಡನೆಯ ತಟ್ಟೆ ಕೇಳಿ ಪಡೆದು ಬಗ್ಗುತ್ತಾರೆ. ಗುಂಡಿ ತಿರುಗಿಸಿ ಮತ್ತೆ ಮತ್ತೆ ನೋಡುತ್ತಾರೆ.

"ಇವು ಇಷ್ಟು ಹತ್ತಿರ ಬರೋಕೆ ಎಷ್ಟು ಹೊತ್ತು ಬೇಕು?"

"ಒಂದು ರಾತ್ರಿ, ಅಷ್ಟೇ" ಎನ್ನುತ್ತಾರೆ ಅಕ್ಕ.

"ಪುಣ್ಯ ಮಾಡಿವೆ." ಕಣ್ಣು ಕೀಳದೆಯೇ ಅವರು ಕೇಳುತ್ತಾರೆ, "ಟೈಮ್ ಎಷ್ಟಾಯ್ತು?"

ಗೋಡೆಯ ಗಡಿಯಾರದಲ್ಲಿ ಹತ್ತು. ಬಸ್ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ, ಈಗ ಎದ್ದರೆ ಸಿಗುತ್ತದೆ. ಇಷ್ಟು ವರ್ಷ ಒಂದು ನಿಮಿಷವನ್ನೂ ತಪ್ಪು ಬರೆಯದ ಹುಳದಕ್ಕ ಗಂಡನ ಚೀಲವನ್ನು ಮೆಲ್ಲಗೆ ಮೇಜಿನ ಕೆಳಗೆ ಸರಿಸುತ್ತಾರೆ.

"ಇನ್ನೂ ಟೈಮಿದೆ. ನೋಡಿ ನೀವು."