ಕೋಡಿಯ ಕೆಳಗಿನ ಖಾಲಿ ಜಾಗ

ಹೊನಗೊನೆ ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯಬೇಕು. ತೊಳೆದ ಮೇಲೆ ನೀರನ್ನು ಬಗ್ಗಿಸಬಾರದು. ಸೊಪ್ಪನ್ನೇ ಎರಡು ಕೈಯಲ್ಲಿ ಮೇಲೆತ್ತಿ, ಮಣ್ಣನ್ನು ತಳದಲ್ಲೇ ಬಿಡಬೇಕು. ಬಗ್ಗಿಸಿದರೆ ತಣ್ಣಗೆ ಕೂತಿದ್ದ ಕೆಸರೆಲ್ಲ ಎದ್ದು ಮತ್ತೆ ಎಲೆಗೇ ಅಂಟಿಕೊಳ್ಳುತ್ತದೆ. ಇದು ದೊಡ್ಡಮ್ಮ ಕಲಿಸಿದ್ದು. ದೊಡ್ಡಮ್ಮ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ, ಗೌರಮ್ಮ. ಮಂಡಿನೋವು ತೋರಿಸಿಕೊಳ್ಳಲು ನಿನ್ನೆ ಮಧ್ಯಾಹ್ನ ಊರಿನಿಂದ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದವರು ಬರಿಗೈಯಲ್ಲಿ ಬರಲಿಲ್ಲ. ಒಂದು ಚೀಲ ಸೊಪ್ಪು ತಂದಿದ್ದರು.

ಇವತ್ತು ಬೆಳಿಗ್ಗೆ ಮೊದಲ ನೀರಿನಿಂದ ಸೊಪ್ಪೆತ್ತಿ ಪಾತ್ರೆಯ ತಳ ನೋಡಿದೆ. ಕಪ್ಪಗೆ, ನುಣ್ಣಗೆ, ಬೆರಳಿಟ್ಟರೆ ಬೆಣ್ಣೆಯಂತೆ ಜಾರುವ ಮಣ್ಣು. ವಾಸನೆ ನೋಡಿದೆ. ನಮ್ಮೂರ ಕೆರೆಯದೇ ಎಂದು ಮೂಗು ತಡಮಾಡದೆ ತೀರ್ಪು ಕೊಟ್ಟಿತು. ರಾಜಘಟ್ಟ ದಾಟಿ ಮಣ್ಣುರಸ್ತೆಗೆ ತಿರುಗಿದರೆ ಸಿಗುವ ಆ ಕೆರೆ, ಅದರ ಏರಿ, ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ಕೋಡಿ, ಎಲ್ಲವೂ ಒಂದು ಬೊಗಸೆ ಕೆಸರಿನೊಳಗಿಂದ ಎದ್ದು ಬಂದವು. ನನಗೆ ಸ್ವಲ್ಪ ಮುಜುಗರವೂ ಆಯಿತು. ಯಾಕೆಂದರೆ ಅಡಿಗೆಮನೆಯ ಆಚೆ, ಊಟದ ಮೇಜಿನ ಮೇಲೆ, ಬೇರೊಂದು ಹೂಳು ನನ್ನನ್ನು ಕಾಯುತ್ತಿತ್ತು.

ನನ್ನ ಕೆಲಸವನ್ನು ಇಲ್ಲಿ ಹೇಳಿಬಿಡುತ್ತೇನೆ. ಪರಿಸರದ ಮೇಲೆ ಯಾವ ಯೋಜನೆ ಏನು ಪರಿಣಾಮ ಮಾಡುತ್ತದೆ ಎಂದು ದೊಡ್ಡ ದೊಡ್ಡ ವರದಿಗಳು ಇಂಗ್ಲಿಷಿನಲ್ಲಿ ತಯಾರಾಗುತ್ತವೆ. ಜನರ ಅಹವಾಲು ಕೇಳುವ ಸಭೆಗೆ ಮೊದಲು ಅವುಗಳ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಆ ಸಾರಾಂಶ ಬರೆಯುವವಳು ನಾನು. ಯಾರೂ ಓದುವುದಿಲ್ಲ ಎಂದು ಗೊತ್ತಿದ್ದೂ ಅಕ್ಷರ ತಿದ್ದುವ ಕೆಲಸ. ಈ ಸಲ ಬಂದಿದ್ದು ಕರಾವಳಿಯ ಒಂದು ಬಂದರಿನದು. ಹಡಗು ಬರುವ ದಾರಿಯಲ್ಲಿ ಹೂಳು ತುಂಬಿದೆ, ಅದನ್ನು ಎತ್ತಬೇಕು, ಎತ್ತಿದ್ದನ್ನು ದೂರ ಒಯ್ದು ಸಮುದ್ರದೊಳಗೇ ಸುರಿಯಬೇಕು. ಅರ್ಧಕ್ಕಿಂತ ಹೆಚ್ಚು ಮುಗಿಸಿದ್ದೆ. ಸುರಿಯುವ ಜಾಗದ ಬಗ್ಗೆ ಒಂದು ವಾಕ್ಯದ ಹತ್ತಿರ ನಿನ್ನೆಯಿಂದ ನಿಂತಿದ್ದೆ. ಆ ಜಾಗಕ್ಕೆ ಸದ್ಯ ಹೇಳಿಕೊಳ್ಳುವಂಥ ಉಪಯೋಗವೇನೂ ಇಲ್ಲ ಎಂಬುದು ಅದರ ಅರ್ಥ. ಕನ್ನಡದಲ್ಲಿ ಬರೆಯಲು ಅರ್ಧ ನಿಮಿಷ ಸಾಕು. ಆದರೆ ಅದೇ ಮಾತನ್ನು ನಾನು ಹಿಂದೊಮ್ಮೆ ಬರೆದುಕೊಟ್ಟಿದ್ದೆ.

ಆಗ ನಾನು ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಕೆಲಸ ಸಿಗುವ ತನಕ ಊರಿನಲ್ಲಿದ್ದೆ. ಓದಿದವಳು ಎಂದು ಮನೆಯಲ್ಲಿ ನನಗೊಂದು ಕುರ್ಚಿ ಮೀಸಲಾಗಿತ್ತು. ಆ ಬೇಸಿಗೆಯಲ್ಲಿ ಕೆರೆಯ ಹೂಳೆತ್ತುವುದೆಂದು ತೀರ್ಮಾನವಾಯಿತು. ಮೇಲಿನ ಗೋಡು, ಅಂದರೆ ಗೊಬ್ಬರದಂಥ ನುಣುಪು ಮಣ್ಣಿಗೆ ಜಗಳವೇ ನಡೆಯಿತು. ಜನ ಟ್ರ್ಯಾಕ್ಟರ್ ಹಚ್ಚಿ ತಮ್ಮ ತಮ್ಮ ರಾಗಿ ಹೊಲಗಳಿಗೆ ಹೊಡೆದುಕೊಂಡರು. ಅದರ ಕೆಳಗಿನ ಗಟ್ಟಿ ಜಿಗುಟು ಮಣ್ಣು ಮಾತ್ರ ಯಾರಿಗೂ ಬೇಡವಾಗಿತ್ತು. ಅದನ್ನು ಎಲ್ಲಿ ಹಾಕುವುದು? ಜೀಪಿನಲ್ಲಿ ಬಂದ ಎಂಜಿನಿಯರು ತುಂಬಿಕೊಡಬೇಕಾದ ಒಂದು ನಮೂನೆ ತಂದಿದ್ದರು. ಊರಿನವರು ಅದನ್ನು ನನ್ನ ಕುರ್ಚಿಗೆ ತಲುಪಿಸಿದರು.

ಕೋಡಿಯ ಕೆಳಗೆ ಒಂದು ತಗ್ಗು ಇತ್ತು. ಎಂಜಿನಿಯರನ್ನು ಕರೆದುಕೊಂಡು ಹೋಗಿ ತೋರಿಸಿದೆ. ನೆಲ ಬಿರಿದು ಹಪ್ಪಳದಂತೆ ಎದ್ದಿತ್ತು. ಒಂದು ಹುಲ್ಲುಕಡ್ಡಿ ಇರಲಿಲ್ಲ. ‘ಸದರಿ ಜಾಗದ ಪ್ರಸ್ತುತ ಉಪಯೋಗ’ ಎಂಬ ಸಾಲಿನ ಮುಂದೆ ‘ಏನೂ ಇಲ್ಲ’ ಎಂದು ಬರೆದೆ. ದುಂಡಗೆ ಬರೆದೆ. ಅವತ್ತಿನ ನನ್ನ ದಿನಚರಿಯಲ್ಲಿ ಇರುವುದು ಮೂರೇ ಮಾತು: ‘ಜೀಪು ಬಂತು. ಜಾಗ ತೋರಿಸಿದೆ. ಅಕ್ಷರ ಚೆನ್ನಾಗಿದೆ ಅಂದರು.’

ಮಳೆ ಹಿಡಿದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮ ಸೆರಗು ಕಟ್ಟಿಕೊಂಡು ಸೊಪ್ಪಿಗೆ ಹೋದರು. ಪ್ರತಿ ವರ್ಷವೂ ಹೋಗುತ್ತಿದ್ದರು. ಕೋಡಿಯಿಂದ ಜಿನುಗುವ ನೀರಿಗೆ ಆ ತಗ್ಗಿನಲ್ಲಿ ಹೊನಗೊನೆ, ಒಂದೆಲಗ, ಹೆಸರು ಗೊತ್ತಿಲ್ಲದ ಇನ್ನೂ ನಾಲ್ಕಾರು ಸೊಪ್ಪು ದೀಪಾವಳಿಯವರೆಗೂ ಚಿಗುರುತ್ತಲೇ ಇರುತ್ತಿದ್ದವು. ನಾನು ತಿಂದು ಬೆಳೆದ ಬೆರಕೆ ಸೊಪ್ಪಿನ ಸಾರೆಲ್ಲ ಅಲ್ಲಿಯದೇ. ಅದು ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳದೆ ಎರಡು ಡಿಗ್ರಿ ಮುಗಿಸಿದ್ದೆ. ಅವತ್ತು ತಗ್ಗಿನ ತುಂಬ ಕೆರೆಯ ಜಿಗುಟು ಮಣ್ಣು ಸುರಿದಿದ್ದನ್ನು ನೋಡಿ ದೊಡ್ಡಮ್ಮ ಬರಿಯ ಸೆರಗಿನಲ್ಲಿ ವಾಪಸು ಬಂದರು.

“ಅಲ್ಲೇನೂ ಇಲ್ಲ ಅಂತ ಬರ್ಕೊಟ್ಟೋಳು ನೀನಂತೆ?” ಎಂದು ಕೇಳಿದರು.

“ನಾನು ನೋಡ್ದಾಗ ಏನೂ ಇರ್ಲಿಲ್ಲ ದೊಡ್ಡಮ್ಮ.”

“ಯಾವಾಗ್ ನೋಡ್ದೆ?”

“ಬೇಸಿಗೇಲಿ.”

“ಸರಿಹೋಯ್ತು. ಯುಗಾದಿ ದಿನ ಹೊಲಕ್ ಹೋಗಿ ಅವರೆಕಾಯಿ ಇಲ್ಲ ಅಂದಂಗಾಯ್ತು.”

ಹೀಗೆ ಹೇಳಿ ಅವರು ನಕ್ಕರು ಎಂದು ನನ್ನ ನೆನಪು. ಈ ಕಥೆಯನ್ನು ಸ್ನೇಹಿತರಿಗೆ ಹೇಳುವಾಗೆಲ್ಲ ಆ ನಗುವಿನಲ್ಲೇ ಮುಗಿಸುತ್ತಿದ್ದೆ. ಕೆಲವು ವರ್ಷಗಳ ಹಿಂದೆ ದೊಡ್ಡಮ್ಮನ ಮಗ ಮಂಜನ ಎದುರಿಗೂ ಹಾಗೇ ಮುಗಿಸಿದೆ. ಅವನು, “ನಗೋದೆಲ್ಲಿ ಬಂತು? ಮೂರು ದಿನ ನಿನ್ನ ತಟ್ಟೆಗೆ ಮುದ್ದೆ ಹಾಕ್ಲಿಲ್ಲ ಕಣೆ ನಮ್ಮಮ್ಮ. ನೀನೇ ಹಾಕ್ಕೊಂಡ್ ತಿಂತಿದ್ದೆ” ಎಂದ. ನನಗೆ ಆ ಮೂರು ದಿನ ನೆನಪೇ ಇಲ್ಲ. ದಿನಚರಿಯಲ್ಲೂ ಇಲ್ಲ. ನೆನಪು ಯಾವಾಗಲೂ ನನ್ನ ಕಡೆಯ ವಕೀಲನಂತೆಯೇ ನಡೆದುಕೊಂಡಿದೆ. ನಿಮ್ಮದು ಹೇಗೋ ಗೊತ್ತಿಲ್ಲ.

ಮಂಜ ಇನ್ನೊಂದು ಮಾತನ್ನೂ ಹೇಳಿದ. ಸೊಪ್ಪು ಒಂದೇ ಅಲ್ಲವಂತೆ. ಊರಿನ ಐದಾರು ಮನೆಯ ಸೊಸೆಯರು ಒಟ್ಟಿಗೆ ಅಲ್ಲಿಗೆ ಹೋಗುತ್ತಿದ್ದರಂತೆ. ಹತ್ತು ನಿಮಿಷದಲ್ಲಿ ಕೀಳುವ ಸೊಪ್ಪಿಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತಂತೆ. ಅಲ್ಲಿ ಗಂಡಸರಿಗೆ ಏನೂ ಕೆಲಸವಿರಲಿಲ್ಲ, ಅತ್ತೆಯಂದಿರಿಗೆ ಅಷ್ಟು ದೂರ ನಡೆಯಲು ಆಗುತ್ತಿರಲಿಲ್ಲ. ಆ ಜಾಗದ ದೊಡ್ಡ ಉಪಯೋಗ ಅದೇ ಇರಬೇಕು. ಅದನ್ನು ಬರೆಯಲು ಆ ನಮೂನೆಯ ಗೆರೆ ಸಾಲುತ್ತಿತ್ತೇ ಎಂಬುದು ಬೇರೆ ಮಾತು. ಕೇಳಿದ್ದರೆ ಅವರು ನನಗೆ ಹೇಳುತ್ತಿದ್ದರೇ ಎಂಬುದೂ ಅನುಮಾನ.

ಕೆರೆಗೆ ಒಳ್ಳೆಯದೇ ಆಯಿತು, ಸುಳ್ಳು ಹೇಳಬಾರದು. ನೀರು ಹೆಚ್ಚು ನಿಂತಿತು, ಗೋಡು ಹೊಡೆದ ಹೊಲಗಳಲ್ಲಿ ರಾಗಿ ಸೊಂಟದೆತ್ತರ ಬಂತು. ಕೋಡಿಯ ಕೆಳಗೆ ಮಾತ್ರ ಒಂದು ದಿಬ್ಬ ನಿಂತಿತು. ಈಗ ಅದರ ಮೇಲೆ ಜಾಲಿ ಬೆಳೆದಿದೆ.

ಇಷ್ಟೆಲ್ಲ ಯೋಚಿಸುತ್ತ ಮೂರನೇ ನೀರು ಮುಗಿಸಿ, ಮೇಜಿನ ಮುಂದೆ ಕೂತೆ. ದೊಡ್ಡಮ್ಮ ಎದುರು ಕುರ್ಚಿಗೆ ಬಂದು ಮಂಡಿ ನೀವಿಕೊಳ್ಳುತ್ತ ಕೇಳಿದರು.

“ಏನೇ ಅದು, ನಿನ್ನೆಯಿಂದ ಒಂದೇ ಹಾಳೆ ನೋಡ್ತಿದೀಯ?”

ಹೇಳಿದೆ. ಸಮುದ್ರವನ್ನು ಅವರು ಒಮ್ಮೆ ನೋಡಿದ್ದರು, ಊರಿನವರೆಲ್ಲ ಬಸ್ಸು ಮಾಡಿಕೊಂಡು ಗೋಕರ್ಣಕ್ಕೆ ಹೋಗಿದ್ದಾಗ. ದಂಡೆಯಲ್ಲಿ ಬಹಳ ಹೊತ್ತು ನಿಂತು, “ಇದಕ್ಕೆ ಕೋಡಿ ಯಾವ್ ಕಡೆ?” ಎಂದು ಕೇಳಿದ್ದರಂತೆ.

“ಹೂಳು ತಾನೆ? ಹೊಲಕ್ ಹೊಡ್ಕೋಬೋದಲ್ಲ.”

“ಉಪ್ಪಿರುತ್ತೆ ದೊಡ್ಡಮ್ಮ. ಹೊಲಕ್ಕಾಗಲ್ಲ.”

“ಮತ್ತೆಲ್ ಹಾಕ್ತಾರೆ?”

“ಸಮುದ್ರದಲ್ಲೇ, ದೂರ ಹೋಗಿ.”

“ಅಲ್ಲೇನಿದೆ?”

ಅವರ ಮುಖ ನೋಡಿದೆ. ಹಳೆಯದನ್ನು ನೆನೆದು ಚುಚ್ಚಿದರೋ, ಗೊತ್ತಿಲ್ಲದ್ದನ್ನು ಗೊತ್ತಿಲ್ಲದವರು ಕೇಳುವಂತೆ ಕೇಳಿದರೋ, ತಿಳಿಯಲಿಲ್ಲ. ಅವರ ಬೆರಳು ಮಂಡಿಯ ಮೇಲೇ ಇತ್ತು. ಏನೂ ಇಲ್ಲ ಎಂದು ಮಾತ್ರ ನನ್ನ ಬಾಯಿಂದ ಬರಲಿಲ್ಲ. ಮತ್ತೆ ವರದಿಯ ಹಿಂದಿನ ಪುಟಗಳನ್ನು ತಿರುವಿದೆ. ಆ ಜಾಗದ ನೀರು, ತಳದ ಮಣ್ಣು, ಮೀನು ಎಲ್ಲವನ್ನೂ ನೋಡಿದ್ದರು. ನೋಡಿದ್ದು ಬೇಸಿಗೆಯ ಎರಡು ತಿಂಗಳು.

ಕಚೇರಿಗೆ ಎರಡು ಸಾಲಿನ ಪ್ರಶ್ನೆ ಕಳಿಸಿದೆ. ಮಳೆಗಾಲ ಕಳೆದ ಮೇಲೆ ಈ ಜಾಗವನ್ನು ಯಾರಾದರೂ ನೋಡಿದ್ದಾರೆಯೇ? ಅಲ್ಲಿಗೆ ದೋಣಿ ತೆಗೆದುಕೊಂಡು ಹೋಗುವವರು ಇದ್ದಾರೆಯೇ ಎಂದು ದಂಡೆಯ ಜನರನ್ನು ಕೇಳಲಾಗಿದೆಯೇ? ಐದೇ ನಿಮಿಷಕ್ಕೆ ಫೋನು ಬಂತು. ನನಗೆ ಕೆಲಸ ಹಂಚುವವರು ಒಳ್ಳೆಯವರು, ಅವಸರದವರು.

“ಮೇಡಂ, ನೀವು ಬರೀ ಕನ್ನಡ ಮಾಡೋದಲ್ವಾ?”

“ಹೌದು ಸರ್. ಕನ್ನಡ ಮಾಡೋಕೆ ನನಗೆ ಅರ್ಥ ಆಗ್ಬೇಕಲ್ಲ.”

“ಸಂಜೆ ಕೊಡ್ಬೇಕಿತ್ತು ಇದು.”

“ಸಂಜೇನೇ ಕೊಡ್ತೀನಿ. ಆ ಒಂದು ವಾಕ್ಯ ಮಾತ್ರ ಉತ್ತರ ಬರೋವರೆಗೂ ಬರೆಯಲ್ಲ.”

ಆ ಕಡೆ ಒಂದು ನಿಟ್ಟುಸಿರು. “ಕೇಳಿ ನೋಡ್ತೀನಿ. ಮುಂದಿನ್ ಕೆಲಸ ನಿಮಗೇ ಬರುತ್ತೆ ಅಂತ ಮಾತ್ರ ನಾನು ಹೇಳಕ್ಕಾಗಲ್ಲ” ಎಂದು ಫೋನಿಟ್ಟರು. ಧೈರ್ಯದ ಕೆಲಸ ಮಾಡಿದೆ ಎಂದು ಇವತ್ತಿನ ದಿನಚರಿಯಲ್ಲಿ ಬರೆದುಕೊಳ್ಳುವ ಆಸೆಯಾಯಿತು. ತಡೆದುಕೊಂಡೆ.

ದೊಡ್ಡಮ್ಮನನ್ನು ಖುಷಿಪಡಿಸೋಣವೆಂದು, “ಸೊಪ್ಪಿನ ವಾಸನೆಗೇ ಗೊತ್ತಾಯ್ತು, ನಮ್ಮೂರ ಕೆರೇದು ಅಂತ” ಎಂದೆ.

“ನಮ್ಮೂರಲ್ಲೆಲ್ಲೈತೆ? ಇಲ್ಲೇ ಬಸ್ ಸ್ಟ್ಯಾಂಡ್‌ನಾಗೆ ಕೊಂಡ್ಕೊಂಡೆ. ಯಾವೂರ್ ಕೆರೇದೋ.”

ಹಾಗಾದರೆ ಬೆಳಗಿನಿಂದ ನಾನು ಮೂಸಿದ್ದು ಯಾರದೋ ಊರನ್ನು. ಆ ಊರಿನ ಕೋಡಿಯ ಕೆಳಗೂ ಸೆರಗು ಕಟ್ಟಿದ ಒಬ್ಬಳು ಬಗ್ಗಿರಬೇಕು. ಅವಳು ಯಾರೆಂದು ನನಗೆ ಗೊತ್ತಿಲ್ಲ. ಸಮುದ್ರದ ಆ ಜಾಗಕ್ಕೆ ಹೋಗುವವರೂ, ಇದ್ದರೆ, ನನಗೆ ಅಷ್ಟೇ ಅಪರಿಚಿತರು.

ಎದ್ದು, ಕೆಸರು ನೀರಿನ ಪಾತ್ರೆ ಹಿಡಿದು ಹಿತ್ತಲಿಗೆ ಹೋದೆ. ನಲ್ಲಿಯ ಪಕ್ಕದ ಮೂಲೆ ಖಾಲಿ ಇದೆ. ಯಾವಾಗಲೂ ಅಲ್ಲೇ ರಭಸವಾಗಿ ಎರಚುತ್ತೇನೆ. ಪಾತ್ರೆ ಎತ್ತಿದ್ದೆ, ಬಾಗಿಲಿನಿಂದ ದನಿ ಬಂತು.

“ತಡಿ ತಡಿ. ನೋಡ್ಕೊಂಡ್ ಹಾಕು. ಬೆಳಿಗ್ಗೆ ಅಲ್ಲಿ ನಾಕ್ ಕಡ್ಡಿ ಊರಿದೀನಿ.”

ಬಗ್ಗಿ ನೋಡಿದೆ. ನಿನ್ನೆ ಸೊಪ್ಪು ಬಿಡಿಸಿ ಉಳಿದ ಹೊನಗೊನೆಯ ಕಡ್ಡಿಗಳು, ಗೇಣಿಗೊಂದರಂತೆ ನಾಲ್ಕು, ಎಲೆಯಿಲ್ಲದೆ ನಿಂತಿದ್ದವು. ಗೊತ್ತಿಲ್ಲದವರಿಗೆ ಅದು ಕಸ.

ಕೂತುಕೊಂಡು, ಒಂದೊಂದರ ಬುಡಕ್ಕೂ ಅಂಗೈಯಿಂದ ನೀರು ಬಿಟ್ಟೆ. ತಳದ ಮಣ್ಣನ್ನು ಬೆರಳಿನಿಂದ ಬಳಿದು ಹಾಕಿದೆ.

“ಸಾಕ್ ಬಾ,” ಎಂದರು ದೊಡ್ಡಮ್ಮ ಒಳಗಿನಿಂದ. “ಮುದ್ದೆ ತಿರುವ್ತೀನಿ. ತಟ್ಟೆ ಇಡು.”