ಸಿಪಾಯಿ ತಾತನ ಎಲೆಗೆ ಗೋಬಿ ಮಂಚೂರಿ

ತೀರಿಕೊಳ್ಳುವ ಹಿಂದಿನ ದಿನ ಅಪ್ಪ ಗಿಡಗಳಿಗೆ ನೀರು ಹಾಕುತ್ತ, ಮೊದಲ ಮಹಾಯುದ್ಧದಲ್ಲಿ ಸತ್ತ ತಮ್ಮ ಚಿಕ್ಕತಾತನ ಕಡೆಯವರು ಜೋಗುಪಾಳ್ಯದಲ್ಲಿದ್ದಾರಂತೆ, ಆ ಸಿಪಾಯಿ ತಾತನ ಫೋಟೊ ಅಲ್ಲಿ ಸಿಗಬಹುದು ಎಂದಿದ್ದರು. ಮಹಾಲಯ ಅಮಾವಾಸ್ಯೆಯ ದಿನ ಕೋಲಾರದಿಂದ ನಾನೊಬ್ಬಳೇ ಹೋದೆ.

ಆ ಮನೆಯ ಮುನಿಯಮ್ಮಜ್ಜಿ ತೀರಿಕೊಂಡ ಹಿರಿಯರಿಗೆಲ್ಲ ಅವರವರಿಗೆ ಇಷ್ಟವಾದದ್ದನ್ನು ಎಡೆ ಇಡುತ್ತಿದ್ದರು. ಸಿಪಾಯಿ ತಾತನ ಎಲೆಯಲ್ಲಿ ಗೋಬಿ ಮಂಚೂರಿ ಇತ್ತು.

"ಅವ್ರಿಗೇನಿಷ್ಟ ಅಂತ ಯಾರಿಗಮ್ಮ ಗೊತ್ತು? ವರ್ಷಕ್ಕೊಬ್ರು ನಮಗಿಷ್ಟವಾದದ್ದೇ ಇಡ್ತೀವಿ. ಈ ಸಲ ಸೊಸೆ ಸರದಿ," ಎಂದರು ಅಜ್ಜಿ.

"ಹೋದ್ವರ್ಷ ಅತ್ತೆ ಬ್ರಾಂದಿ ಇಟ್ಟಿದ್ರು, ಅದನ್ನೂ ಹೇಳ್ಲಿ," ಎಂದಳು ಸೊಸೆ.

ನಾನೂ ನಕ್ಕುಬಿಟ್ಟೆ. ಅಜ್ಜಿ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದರು. "ನಿಮ್ಮಪ್ಪಂಗೇನಿಷ್ಟ, ಹೇಳಮ್ಮ."

"ಮೆಣಸಿನಕಾಯಿ ಬೋಂಡ," ಎಂದೆ. ಬಾಣಲೆ ಮತ್ತೆ ಒಲೆಯೇರಿತು.

ಸಿಪಾಯಿ ತಾತನ ಫೋಟೊ ಆ ಮನೆಯಲ್ಲೂ ಇರಲಿಲ್ಲ.